ತವರುಮನೆಯ ಪುಟ್ಟ ಮಾದರಿ: ಮಂಚದ ಮೇಲಿನ ಕೌದಿ ಹಪ್ಪಳದ ಹಾಗೆ ನಿಲ್ಲುತ್ತಿದೆ, ಏನು ಮಾಡಲಿ?

ಮೆತ್ತಿನಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಕೇಳದೆ ಬೇರೆ ದಾರಿ ಇಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ಸಿದ್ದಾಪುರ ರಸ್ತೆಯ ಕಡೆ ನಮ್ಮ ತವರುಮನೆ ಇತ್ತು. ಮಣ್ಣಿನ ಗೋಡೆ, ಹಂಚಿನ ಮಾಡು, ಮುಂದೆ ಉದ್ದ ಜಗಲಿ, ಮೇಲೆ ಮೆತ್ತು (ಮಹಡಿ). ಮೂರು ವರ್ಷದ ಹಿಂದೆ ಅದನ್ನು ಕಳಚಿದರು. ತಮ್ಮನನ್ನು ದೂರುವ ಹಾಗಿಲ್ಲ. ಜಂತಿಗೆ ಒರಲೆ ಹಿಡಿದಿತ್ತು, ಹಿಂದಿನ ಗೋಡೆ ಮಳೆಗೆ ಒಂದು ಕಡೆ ಕೂತುಬಿಟ್ಟಿತ್ತು. ಕಳಚುವ ದಿನ ನಾನೂ ಹೋಗಿದ್ದೆ. ಪ್ರಧಾನ ಬಾಗಿಲಿನ ಹಲಸಿನ ಹಲಗೆಯ ಒಂದು ತುಂಡು, ಅಮ್ಮಮ್ಮನ ಹಳೇ ಕೌದಿ, ಇಷ್ಟನ್ನು ಕಾರಿನ ಹಿಂದೆ ಹಾಕಿಕೊಂಡು ಬಂದೆ. ಆ ಹಲಗೆ ಒಂದು ವರ್ಷ ನಮ್ಮ ಮನೆಯ ಗೋಡೆಗೆ ಒರಗಿಕೊಂಡೇ ಇತ್ತು. ಅದನ್ನು ನೋಡಿ ನೋಡಿ ಆ ಮನೆಯನ್ನೇ ಸಣ್ಣದಾಗಿ ಕಟ್ಟಬೇಕು ಅಂತ ಮನಸ್ಸಾಯಿತು.

ಅಳತೆ 1:12. ಒಂದು ಅಡಿಗೆ ಒಂದು ಇಂಚು. ಗೊಂಬೆಮನೆ ಮಾಡುವವರು ಜಾಸ್ತಿ ಹಿಡಿಯುವ ಅಳತೆ ಇದೇ. ಇಂಗ್ಲೆಂಡಿನ ಮೇರಿ ರಾಣಿಗೆ ಅಂತ 1924ರಲ್ಲಿ ಮುಗಿಸಿದ ಗೊಂಬೆಮನೆಯೂ ಇದೇ ಲೆಕ್ಕದ್ದು. ಅದರ ನಕ್ಷೆ ಹಾಕಿದವರು ನಮ್ಮ ದೆಹಲಿಯ ರಾಷ್ಟ್ರಪತಿ ಭವನದ ನಕ್ಷೆ ಹಾಕಿದ ಲುಟ್ಯೆನ್ಸ್. ನನಗೆ ಮಾತ್ರ ಈ ಅಳತೆ ಹಿಡಿಸಿದ್ದು ಬೇರೆ ಕಾರಣಕ್ಕೆ. ನಮ್ಮ ಆಚಾರಿಗಳು ಇವತ್ತಿಗೂ ಅಡಿ-ಇಂಚಿನಲ್ಲೇ ಮಾತಾಡುತ್ತಾರೆ. ಆಯಿ (ನನ್ನ ಅಮ್ಮ) "ಜಗಲಿ ಏಳು ಅಡಿ ಅಗಲ ಇತ್ತು" ಅಂದರೆ ನಾನು ಟೇಪಿನಲ್ಲಿ ಏಳು ಇಂಚು ಗುರುತು ಹಾಕಿದರೆ ಮುಗಿಯಿತು.

ಪೂರ್ತಿ ಮನೆ ಕಟ್ಟಲು ಜಾಗ ಇಲ್ಲ. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಮೇಲೆ ಮೆತ್ತಿನ ಒಂದು ಭಾಗ, ಇಷ್ಟೇ. ಗೋಡೆಗೆ ಪ್ಲೈವುಡ್. ಮಾಡಿನ ಹಂಚು ಇನ್ನೂ ಆಗಿಲ್ಲ.

ಒಂದು ವಿಷಯ ಇಲ್ಲಿ ಹೇಳಲೇಬೇಕು, ಹೊಸಬರಿಗೆ ಉಪಯೋಗ ಆದೀತು. ಅಮ್ಮಮ್ಮ ಗಿಡ್ಡ ಇದ್ದರು, 4 ಅಡಿ 9 ಇಂಚು. ಹಾಗಾಗಿ ನಾಲ್ಕೂ ಮುಕ್ಕಾಲು ಇಂಚಿನ ರಟ್ಟಿನ ಆಕೃತಿ ಒಂದನ್ನು ಕತ್ತರಿಸಿ, ಸೀರೆಯ ಬಣ್ಣ ಹಚ್ಚಿ ಇಟ್ಟುಕೊಂಡಿದ್ದೇನೆ. ಏನೇ ಮಾಡಿದರೂ ಪಕ್ಕದಲ್ಲಿ ಅದನ್ನು ನಿಲ್ಲಿಸಿ ನೋಡುತ್ತೇನೆ. ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಆಟದ ಹಿತ್ತಾಳೆ ಪಾತ್ರೆಗಳಿದ್ದವು. ಎರಡು ಇಂಚಿನ ಹಂಡೆ ಸರಿಯಾಗಿ ಕೂತಿತು, ಬಚ್ಚಲಿನ ಹಂಡೆ ಎರಡು ಅಡಿ ಇರುತ್ತಿತ್ತು ಅಲ್ವಾ. ಅದೇ ಸೆಟ್ಟಿನ ಒಂದಿಂಚಿನ ಲೋಟ ಅಮ್ಮಮ್ಮನ ಕೈ ಹತ್ತಿರ ಇಟ್ಟರೆ ಬಾವಿಯ ಕೊಡಪಾನದಷ್ಟು ಕಂಡಿತು. ಲೋಟ ತೆಗೆದಿಟ್ಟೆ.

ಅಜ್ಜನ ಆರಾಮ ಕುರ್ಚಿ ಆಗಿದೆ. ತರಕಾರಿ ಹೆಚ್ಚುವ ಮೆಟ್ಟುಗತ್ತಿ ಆಗಿದೆ. ಕವಳದ ತಟ್ಟೆ, ಅದರೊಳಗೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಅಡಕತ್ತರಿ ಕೂಡ ಆಗಿದೆ. ಮರದ ಕೆಲಸ, ತಗಡಿನ ಕೆಲಸ ಹೇಗೋ ಕೈಗೆ ಹತ್ತಿತು. ಸೋತಿದ್ದು ಬಟ್ಟೆಯಲ್ಲಿ.

ನಡುಮನೆಯ ಮಂಚಕ್ಕೆ ಕೌದಿ ಬೇಕು. ಅಮ್ಮಮ್ಮನ ಕೌದಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ನಾನು ಆರು ಇಂಚು, ನಾಲ್ಕು ಇಂಚು ಹೊಲಿದೆ. ಆ ಕೌದಿಯ ಅಂಚಿನಿಂದಲೇ ಸ್ವಲ್ಪ ಬಟ್ಟೆ ಬಿಚ್ಚಿಕೊಂಡಿದ್ದೆ. ಒಂದು ತುಂಡು ನನ್ನದೇ ನೀಲಿ ಫ್ರಾಕಿನದು, ಒಂದನೇ ಕ್ಲಾಸಿನಲ್ಲಿ ಹಾಕಿಕೊಂಡಿದ್ದು. ಒಂದೊಂದು ತೇಪೆಯೂ ಕಿರುಬೆರಳಿನ ಉಗುರಿನಷ್ಟು. ಅಂಚು ಮಡಚಿ, ಎರಡು ಪದರ ಇಟ್ಟು, ಹದಿನೆಂಟು ದಿನ ಹೊಲಿದೆ. ಮಂಚದ ಮೇಲೆ ಹಾಸಿದರೆ ಹಲಸಿನ ಹಪ್ಪಳ ಒಣಗಿಸಿಟ್ಟ ಹಾಗೆ ನಾಲ್ಕೂ ಕಡೆ ಗಾಳಿಯಲ್ಲಿ ನಿಂತಿದೆ. ಕೆಳಗೆ ಬೀಳುವುದೇ ಇಲ್ಲ. ಗಂಜಿ ಹಚ್ಚಿ, ಗುಂಡುಪಿನ್ನು ಚುಚ್ಚಿ ಬಗ್ಗಿಸಿದೆ. ಬಗ್ಗಿತು. ಆಷಾಢದಲ್ಲಿ ಬೂಸು ಹಿಡಿಯಿತು, ಇರುವೆ ಬಂತು.

ಇನ್ನೆರಡು ಪ್ರಶ್ನೆ. ದೇವರ ಕೋಣೆಯ ಬಾಗಿಲಿಗೆ ಮಣಿ ತೋರಣ ಇತ್ತು. ಸಿಕ್ಕಿದ್ದರಲ್ಲೇ ಸಣ್ಣ ಮಣಿ ಪೋಣಿಸಿದೆ, ಆದರೂ ದೊರಗು ಕಾಣುತ್ತದೆ. ಮತ್ತೆ ಆ ಹಲಸಿನ ಹಲಗೆಯಿಂದ ಮಾಡಿದ ಪ್ರಧಾನ ಬಾಗಿಲು ಬೇಸಿಗೆಯಲ್ಲಿ ಚೆಂದ ತೆರೆಯುತ್ತಿತ್ತು, ಜೂನ್ ಬಂದ ಮೇಲೆ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿದೆ. ಬೇರೆ ಮರ ಹಾಕಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ.

---

ಕುಮಟಾ ಟೇಲರ್

ಅಕ್ಕಾ, ನಾನು 34 ವರ್ಷ ಮೆಷಿನ್ ತುಳಿದವನು. ಈಗ ಅಂಗಡಿ ಇಲ್ಲ. ಮೊಮ್ಮಗಳ ಗೊಂಬೆಗೆ ಲಂಗ ಹೊಲಿಯಲು ಹೋಗಿ ಈ ಕೆಲಸದ ರುಚಿ ಹತ್ತಿತು. ನಿಮ್ಮ ಕೌದಿಯ ಕಷ್ಟ ನಾನೂ ಪಟ್ಟಿದ್ದೇನೆ.

ಮೊದಲು ಒಂದು ಪರೀಕ್ಷೆ ಮಾಡಿ. ಯಾವುದಾದರೂ ಬಟ್ಟೆಯ ಒಂದು ಪಟ್ಟಿ ತೆಗೆದುಕೊಂಡು ಮೇಜಿನ ಅಂಚಿನಿಂದ ನಿಧಾನ ಹೊರಗೆ ಜಾರಿಸಿ. ಮೊದಲ ಒಂದಿಂಚು ನೆಟ್ಟಗೆ ನಿಂತಿರುತ್ತದೆ. ಇನ್ನಷ್ಟು ಹೊರಗೆ ಬಂದ ಮೇಲೆ ತನ್ನ ಭಾರಕ್ಕೇ ತಾನು ಬಾಗುತ್ತದೆ. ಒಂದೊಂದು ಬಟ್ಟೆಗೆ ಒಂದೊಂದು ಉದ್ದ. ನಿಮ್ಮ ಅಮ್ಮಮ್ಮನ ಕೌದಿ ಮಂಚದಿಂದ ಒಂದು ಅಡಿ ಇಳಿಬಿದ್ದಿತ್ತು ಅಂತಿಟ್ಟುಕೊಳ್ಳಿ, ಅಷ್ಟು ಭಾರ ಅದನ್ನು ಕೆಳಗೆ ಎಳೆಯುತ್ತಿತ್ತು. ನಿಮ್ಮದು ಇಳಿಬಿದ್ದಿರುವುದು ಒಂದೇ ಇಂಚು. ಬಟ್ಟೆ ಬಾಗುವ ಉದ್ದವೇ ಇನ್ನೂ ಬಂದಿಲ್ಲ. ನೀವು ಕೌದಿಯನ್ನು ಸಣ್ಣ ಮಾಡಿದಿರಿ, ಬಟ್ಟೆಯ ಬಿರುಸು ಸಣ್ಣ ಆಗಲಿಲ್ಲ.

ಹಾಗಾಗಿ ನಾನು ಏನು ಮಾಡುವುದಾದರೂ 12ರಿಂದ ಭಾಗಿಸುವುದನ್ನು ಬಿಟ್ಟು 12ರಿಂದ ಗುಣಿಸಿ ನೋಡುತ್ತೇನೆ. ಕೈಯಲ್ಲಿರುವ ನೂಲು ಕಾಲು ಮಿಲಿಮೀಟರ್ ದಪ್ಪ ಅಂದರೆ ಗೊಂಬೆಮನೆಯ ಒಳಗೆ ಅದು ಮೂರು ಮಿಲಿಮೀಟರ್. ಅಂದರೆ ಸುತಳಿ. ಕೌದಿಯನ್ನು ಸುತಳಿಯಲ್ಲಿ ಹೊಲಿದ ಹಾಗಾಯಿತು. ನಿಮ್ಮ ತೋರಣದ ಮಣಿ ಎಷ್ಟು ಸಣ್ಣದು ಅಂದರೂ ಒಂದೂವರೆ ಮಿಲಿಮೀಟರ್ ಇದ್ದೀತು. ಗುಣಿಸಿ, 18 ಮಿಲಿಮೀಟರ್. ಮಕ್ಕಳು ಆಡುವ ಗೋಲಿಯನ್ನು ಬಾಗಿಲಿಗೆ ಪೋಣಿಸಿದ ಹಾಗೆ. ದೊರಗು ಕಾಣುವುದು ಅದಕ್ಕೇ. ಮಣಿಯನ್ನು ಬಿಡಿ. ರೇಷ್ಮೆ ನೂಲಿನ ಒಂದೇ ಎಳೆಯಲ್ಲಿ ಗಂಟು ಹಾಕುತ್ತಾ ಹೋಗಿ. ರೇಷ್ಮೆಯ ಹೊಳಪಿಗೆ ಗಂಟೇ ಮಣಿಯಾಗಿ ಕಾಣುತ್ತದೆ.

ಕೌದಿಗೆ ನನ್ನ ದಾರಿ ಹೇಳುತ್ತೇನೆ. ಹೊಸ ಬಟ್ಟೆ ಬೇಡ. ನೂರು ಸಲ ಒಗೆದು ಸೋತ ಮಲ್ ಪಂಚೆ ಹುಡುಕಿ. ತೇಪೆಯ ಅಂಚು ಮಡಚಬೇಡಿ, ಮಡಚಿದರೆ ಅಲ್ಲಿ ಮೂರು ಪದರ ಆಗುತ್ತದೆ. ಬಿಳಿ ಅಂಟಿಗೆ ಎರಡು ಪಾಲು ನೀರು ಬೆರೆಸಿ, ಕತ್ತರಿಸುವ ಗೆರೆಯ ಮೇಲೆ ಕಡ್ಡಿಯಲ್ಲಿ ಎಳೆದು, ಒಣಗಿದ ಮೇಲೆ ಕತ್ತರಿಸಿ. ಎಳೆ ಬಿಚ್ಚುವುದಿಲ್ಲ. ನೂಲಿಗೆ ಹರಿದ ರೇಷ್ಮೆ ಸೀರೆಯ ಹೊಕ್ಕಿನ ಎಳೆ ತೆಗೆಯಿರಿ. ಅದಕ್ಕೆ ಜೇನುಮೇಣ ಸವರಿ. ನಿಮ್ಮ ಕಡೆ ತುಡುವೆ ಜೇನಿನ ಪೆಟ್ಟಿಗೆ ಇಟ್ಟವರು ಬೇಕಾದಷ್ಟು ಇದ್ದಾರಲ್ಲ, ಒಂದು ಉಂಡೆ ಮೇಣ ಕೇಳಿದರೆ ಕೊಡುತ್ತಾರೆ.

ಇನ್ನು ಬಗ್ಗಿಸುವುದು. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಚಾಕಲೇಟಿನ ಬೆಳ್ಳಿ ಕಾಗದ ಇಡಿ. ಕೌದಿಗಿಂತ ಸುತ್ತಲೂ ಎರಡು ಮಿಲಿಮೀಟರ್ ಸಣ್ಣದಿರಲಿ. ಹೊಲಿದಾದ ಮೇಲೆ ಬೆರಳಿನಲ್ಲಿ ಹೇಗೆ ಒತ್ತುತ್ತೀರೋ ಹಾಗೆ ಕೂರುತ್ತದೆ. ಗಂಜಿ ಬೇಡ, ಬೂಸಿನ ಭಯವೂ ಬೇಡ.

---

ಸೂಜಿದಾರ, ಯಲ್ಲಾಪುರ

ಟೇಲರ್ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಕ್ಕಾ, ಅಮ್ಮಮ್ಮನ ಕೌದಿಯಲ್ಲಿ ಹೊಲಿಗೆ ಯಾವ ದಿಕ್ಕಿಗೆ ಹೋಗಿದೆ ಅಂತ ನೋಡಿಕೊಂಡಿದ್ದೀರಾ? ಸಣ್ಣ ಕೌದಿಯಲ್ಲಿ ಎಲ್ಲ ಸಾಲೂ ಹೊಲಿಯಲು ಆಗುವುದಿಲ್ಲ. ಎಂಟು ಹತ್ತು ಸಾಲು ಹಾಕಿದರೆ ಸಾಕು, ಆದರೆ ಅವು ಹೋಗುವ ದಾರಿ ತಪ್ಪಬಾರದು. ನಮ್ಮ ಕಡೆ ಸಿದ್ದಿ ಸಮುದಾಯದ ಹೆಂಗಸರು ಮಾಡುವ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ಅವರು ಅದನ್ನು ಕವಂದಿ ಅಂತಲೂ ಕರೆಯುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ಮುಮ್ಮೂಲೆಯ ತುಂಡುಗಳಿರುತ್ತವೆ, ಅದಕ್ಕೆ ಫುಲ ಅಂತ ಹೆಸರು. ಫುಲ ಇಲ್ಲದಿದ್ದರೆ ಕೌದಿ ಮುಗಿದ ಹಾಗಲ್ಲ ಅನ್ನುತ್ತಾರೆ. ನಿಮ್ಮದರಲ್ಲಿ ಉದ್ದುದ್ದ ಸಾಲು ಇದ್ದರೆ ಅದು ಬೇರೆ ಕೈಯ ಕೌದಿ. ನೋಡುವವರ ಕಣ್ಣು ಇದನ್ನೇ ಮೊದಲು ಹಿಡಿಯುತ್ತದೆ.

ನಾನು ಮಾಡುವುದು ಪುಟ್ಟ ಜಮಖಾನೆ. ಅಮೆರಿಕದ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಥೋರ್ನ್ ಕೋಣೆಗಳು ಅಂತ 68 ಪುಟ್ಟ ಕೋಣೆಗಳಿವೆ. 1932ರಿಂದ 1940ರ ನಡುವೆ ಮಾಡಿಸಿದ್ದು. ಅವುಗಳ ಚಿತ್ರ ನೋಡಿದ ದಿನದಿಂದ ನನಗೆ ಈ ಕೆಲಸ ಬಿಡಲು ಆಗಿಲ್ಲ. ಮೊದಲು ಅಂಗಡಿಯ 18 ಕೌಂಟ್ ಬಟ್ಟೆಯಲ್ಲಿ ಮಾಡಿದೆ. ಇಂಚಿಗೆ 18 ಹೊಲಿಗೆ. 12ರಿಂದ ಗುಣಿಸಿ ನೋಡಿದರೆ ಒಂದೊಂದು ಹೊಲಿಗೆಯೂ ಒಂದು ಇಂಚಿನ ಮೂರರಲ್ಲಿ ಎರಡು ಪಾಲಿನಷ್ಟು ದೊಡ್ಡ ಚೌಕ. ಈಗ 40 ಕೌಂಟಿನ ರೇಷ್ಮೆ ಜಾಲರಿ ತರಿಸಿಕೊಳ್ಳುತ್ತೇನೆ. ಐದು ಇಂಚು, ಮೂರು ಇಂಚಿನ ಒಂದು ಜಮಖಾನೆಗೆ 24,000 ಹೊಲಿಗೆ. ಒಂದೇ ಎಳೆ, ಅರ್ಧ ಕ್ರಾಸ್ ಮಾತ್ರ. ಪೂರ್ತಿ ಕ್ರಾಸ್ ಹಾಕಿದರೆ ದಪ್ಪವಾಗಿ ಜಾಲರಿ ಸೊಟ್ಟಗಾಗುತ್ತದೆ. ಬಿಳಿ ಜಾಲರಿಯ ತೂತು ಕಾಣದೆ ಕಣ್ಣು ನೋಯುತ್ತಿತ್ತು. ತೊಡೆಯ ಮೇಲೆ ಕಪ್ಪು ಬಟ್ಟೆ ಹಾಸಿಕೊಂಡು ಕೂತ ಮೇಲೆ ಒಂದೊಂದು ತೂತೂ ಎದ್ದು ಕಾಣುತ್ತದೆ.

ಗಂಜಿಯನ್ನು ಪೂರ್ತಿ ಬಿಡಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ಹಳೇ ಬೈಂಡಿಂಗ್ ಕೆಲಸದವರು ಮೈದಾ ಅಂಟಿಗೆ ಚೂರು ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು, ಹುಳ ಮುಟ್ಟಬಾರದು ಅಂತ. ನಮ್ಮ ಮನೆಗಳಲ್ಲಿ ಅಡಿಕೆಯ ಕೊಳೆರೋಗದ ಔಷಧಿಗೆ ತಂದಿದ್ದು ಇದ್ದೇ ಇರುತ್ತದೆ. ಕಡು ಬಣ್ಣದ ಬಟ್ಟೆಗೆ ಮಾತ್ರ ಹಾಕಿ, ತಿಳಿ ಬಟ್ಟೆಗೆ ನೀಲಿ-ಹಸಿರು ಹತ್ತುತ್ತದೆ. ವಿಷ ಅದು, ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಕೈ ತೊಳೆದುಕೊಳ್ಳಿ.

---

ಕುಮಟಾ ಟೇಲರ್

ತಂಗೀ, ಮೈಲುತುತ್ತು ಬೇಡ ಅಂತ ನಾನು ಹೇಳುತ್ತೇನೆ. ಗೊಂಬೆಮನೆ ನೋಡಿದರೆ ಮಕ್ಕಳು ಮುಟ್ಟದೆ ಇರುತ್ತವಾ? ಬೆಳ್ಳಿ ಕಾಗದದಲ್ಲಿ ಕೆಲಸ ಆಗುವಾಗ ವಿಷ ಯಾಕೆ. ಫುಲದ ವಿಷಯ ನನಗೆ ಹೊಸದು, ಹೇಳಿದ್ದು ಒಳ್ಳೆಯದಾಯಿತು.

---

ಉಳಿ ಹಿಡಿದವ, ಸಿದ್ದಾಪುರ

ಬಾಗಿಲಿನ ವಿಷಯ ನಾನು ಹೇಳುತ್ತೇನೆ. ನಮ್ಮದು ಕೆತ್ತನೆಯ ಮನೆತನ.

ಮರ ಉದ್ದಕ್ಕೆ ಹಿಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ. ಅಗಲಕ್ಕೆ ಹಿಗ್ಗುತ್ತದೆ. ನೀವು ಇಡೀ ಬಾಗಿಲನ್ನು ಒಂದೇ ಅಗಲದ ತುಂಡಿನಲ್ಲಿ ಮಾಡಿರಬೇಕು. ಮಳೆಗಾಲದ ತೇವ ಕುಡಿದು ಅದು ಅಗಲವಾಗಿದೆ. ನಿಮ್ಮ ಹಳೇ ಮನೆಯ ನಿಜವಾದ ಬಾಗಿಲು ನೆನಪು ಮಾಡಿಕೊಳ್ಳಿ. ಸುತ್ತ ಚೌಕಟ್ಟು, ನಡುವೆ ಹಲಗೆ. ಆ ಹಲಗೆಯನ್ನು ಗಾಡಿಯೊಳಗೆ, ಅಂದರೆ ಚೌಕಟ್ಟಿನಲ್ಲಿ ಕೊರೆದ ಸೀಳಿನೊಳಗೆ, ಸಡಿಲವಾಗಿ ಕೂರಿಸಿರುತ್ತಾರೆ, ಅಂಟು ಹಾಕುವುದಿಲ್ಲ. ಹಿಗ್ಗಿದರೂ ಒಳಗೇ ಜಾಗ ಇರುತ್ತದೆ. ಸಣ್ಣದರಲ್ಲೂ ಹಾಗೇ ಮಾಡಿ. ಆಮೇಲೆ ಅರಗಿನ ಪಾಲಿಶ್ ಆರೂ ಮೈಗೆ ಹಚ್ಚಿ. ಎಲ್ಲರೂ ಎದುರು ಹಚ್ಚುತ್ತಾರೆ, ಮೇಲಿನ ಮತ್ತು ಕೆಳಗಿನ ಕೊಯ್ದ ತುದಿಯನ್ನು ಮರೆಯುತ್ತಾರೆ. ತೇವ ಜಾಸ್ತಿ ನುಗ್ಗುವುದು ಅಲ್ಲಿಂದಲೇ. ಈಗ ಮಳೆಯಲ್ಲಿ ಉಜ್ಜಿ ಸಣ್ಣ ಮಾಡಬೇಡಿ, ಬೇಸಿಗೆಯಲ್ಲಿ ಸಂದು ಬೀಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಒಂದು ತಿಂಗಳು ಇಡಿ, ಅಡಿಕೆ ಒಣಗಿಸುವ ಹಾಗೆ. ಆಮೇಲೆ ಕೈ ಹಚ್ಚಿ.

ಬೇರೆ ಮರ ಹೇಳಬೇಡಿ ಅಂದಿದ್ದೀರಿ. ಬಾಗಿಲಿಗೆ ಹೇಳುವುದಿಲ್ಲ. ಕುರ್ಚಿ, ಮಂಚದ ಕಾಲು, ತೊಟ್ಟಿಲಿನ ಸರಳಿಗೆ ಮಾತ್ರ ಕೇಳಿ. ಸಾಗವಾನಿ ಸಣ್ಣ ಕೆಲಸಕ್ಕೆ ಹೊಂದುವುದಿಲ್ಲ. ಅದರ ರಂಧ್ರ ಬರಿಗಣ್ಣಿಗೇ ಕಾಣುತ್ತದೆ. ಟೇಲರ್ ಅವರ ಲೆಕ್ಕದಲ್ಲಿ 12ರಿಂದ ಗುಣಿಸಿದರೆ ಮಂಚದ ಕಾಲಿಗೆ ಹುಳ ಹೊಡೆದ ಹಾಗೆ ಕಾಣುತ್ತದೆ. ಹೆದ್ದಿ ಅಥವಾ ಆಲೆ ಮರದ ಚೂರು ಹುಡುಕಿ. ಚನ್ನಪಟ್ಟಣದ ಗೊಂಬೆಗೆ ಬಳಸುವುದು ಆಲೆ ಮರವೇ. ಎಳೆ ನುಣುಪು, ಹಲ್ಲುಕಡ್ಡಿಯಷ್ಟು ತೆಳು ತೆಗೆದರೂ ಸಿಬಿರು ಏಳುವುದಿಲ್ಲ.

---

ಕಡಲತಡಿ, ಕಾರವಾರ

ಒಂದೇ ಮಾತು. ಕೌದಿ ಒಣಗಿಸುವಾಗ ಕಬ್ಬಿಣದ ಗುಂಡುಪಿನ್ನು ಚುಚ್ಚಿಡಬೇಡಿ. ನಮ್ಮಲ್ಲಿ ಉಪ್ಪುಗಾಳಿ, ಒಂದು ರಾತ್ರಿಯಲ್ಲಿ ಕಂದು ಚುಕ್ಕೆ ಬೀಳುತ್ತದೆ. ಮೂರು ತಿಂಗಳು ಕೂತು ಮಾಡಿದ ಒಂದು ಕರ್ಟನ್ ಹಾಗೆ ಹೋಯಿತು ನನ್ನದು. ಘಟ್ಟದ ಮೇಲೂ ಮಳೆಗಾಲದಲ್ಲಿ ಇದೇ ಕಥೆ. ಹಿತ್ತಾಳೆ ಪಿನ್ನು ಇಲ್ಲವೇ ಬಿದಿರಿನ ಕಡ್ಡಿ ಬಳಸಿ. ಸೂಜಿಗಳನ್ನು ಒಣ ಅಕ್ಕಿ ಹಾಕಿದ ಡಬ್ಬಿಯಲ್ಲಿ ಇಡಿ.

---

ಮೆತ್ತಿನಮನೆ, ಶಿರಸಿ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಯಲ್ಲಾಪುರದ ತಂಗಿ ಕೇಳಿದ ಮೇಲೆ ದೊಡ್ಡ ಕೌದಿಯನ್ನು ಕಿಟಕಿ ಹತ್ತಿರ ಹರವಿ ನೋಡಿದೆ. ಇಷ್ಟು ವರ್ಷ ಹೊದ್ದುಕೊಂಡಿದ್ದೇನೆ, ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಹೊಲಿಗೆ ಅಂಚಿನಿಂದ ಸುತ್ತಿಕೊಂಡೇ ನಡುವಿಗೆ ಬಂದಿದೆ. ಮೂರು ಮೂಲೆಯಲ್ಲಿ ಆ ಮುಮ್ಮೂಲೆಯ ತುಂಡುಗಳಿವೆ, ನಾಲ್ಕನೆಯದು ಕಿತ್ತು ಹೋಗಿ ಬರೀ ನೂಲಿನ ಗುರುತು ಉಳಿದಿದೆ. ಆಯಿಯನ್ನು ಕೇಳಿದೆ. ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಸಿದ್ದಿ ಅಜ್ಜಿ ಮಳೆಗಾಲದಲ್ಲಿ ಜಗಲಿಯಲ್ಲಿ ಕೂತು ಅಮ್ಮಮ್ಮನ ಜೊತೆ ಹೊಲಿದಿದ್ದಂತೆ. ನಾನು ಇಷ್ಟು ದಿನ ಅದನ್ನು ಅಮ್ಮಮ್ಮ ಒಬ್ಬರದೇ ಕೆಲಸ ಅಂದುಕೊಂಡಿದ್ದೆ.

ಹೊಸ ಕೌದಿ ಹೊಲಿದೆ. ಅಪ್ಪಯ್ಯನ ಹಳೇ ಪಂಚೆ, ಬೆಳ್ಳಿ ಕಾಗದ, ಆಯಿಯ ಹರಿದ ಸೀರೆಯ ಎಳೆ. ಸುತ್ತಿನ ಸಾಲು ಒಂಬತ್ತು. ಮೂರು ಮೂಲೆಗೆ ಫುಲ ಇಟ್ಟೆ, ಒಂದೊಂದೂ ಸಾಸಿವೆ ಕಾಳಿನಷ್ಟು. ನಾಲ್ಕನೇ ಮೂಲೆ ಹಾಗೇ ಬಿಟ್ಟೆ. ಮಂಚದ ಮೇಲೆ ಹಾಸಿ ಬೆರಳಿನಲ್ಲಿ ಒತ್ತಿದರೆ ಅಂಚು ಮೆಲ್ಲಗೆ ಕೆಳಗೆ ಇಳಿದು ಕಾಲಿನ ಹತ್ತಿರ ಸಣ್ಣ ಮಡಿಕೆ ಬಿತ್ತು. ಸುಮಾರು ಹೊತ್ತು ನೋಡುತ್ತಾ ಕೂತಿದ್ದೆ. ತೋರಣವೂ ಗಂಟಿನಲ್ಲಿ ಅರ್ಧ ಆಗಿದೆ. ಬಾಗಿಲು ಅಟ್ಟದ ಮೇಲಿದೆ.

ಆಯಿಗೆ ತೋರಿಸಿದೆ. ಅವಳಿಗೆ 82. ಕನ್ನಡಕ ಹಾಕಿಕೊಂಡು ನಡುಮನೆಯ ಒಳಗೆ ಬಗ್ಗಿ ನೋಡಿದಳು. "ಹಗಲು ಹೊತ್ತಲ್ಲಿ ಕೌದಿ ಹಾಸಿ ಬಿಡುತ್ತಿರಲಿಲ್ಲ, ಮಡಚಿ ಕಾಲಿನ ಕಡೆ ಇಡುತ್ತಿದ್ದರು" ಅಂದಳು. ಸರಿ ಅಲ್ವಾ ಅದು. ನನಗೂ ನೆನಪಾಯಿತು, ಬೆಳಿಗ್ಗೆ ಎದ್ದ ಕೂಡಲೇ ಮಡಚಿಟ್ಟಿಲ್ಲ ಅಂದರೆ ಬೈಗುಳ. ನನ್ನ ಮನೆಯಲ್ಲಿ ಜಗಲಿಗೆ ಬಿಸಿಲು ಬಿದ್ದಿದೆ, ಮೆಟ್ಟುಗತ್ತಿ ಹೊರಗಿದೆ. ಹಗಲು ಹೊತ್ತು ಅದು.

ಇದನ್ನು ನಾಲ್ಕು ಮಡಿಕೆ ಮಾಡಿದರೆ ಇಟ್ಟಿಗೆಯ ಹಾಗೆ ದಪ್ಪ ಬರುತ್ತದೆ. ಟೇಲರ್ ಅಣ್ಣಾ, ಏನು ಮಾಡಲಿ?

---

ಕುಮಟಾ ಟೇಲರ್

ಈಗ ಮಾಡಿದ್ದನ್ನು ಮಡಚಬೇಡಿ ಅಕ್ಕಾ, ಅದು ರಾತ್ರಿಯ ಕೌದಿ, ಮೆತ್ತಿನ ಮೇಲಿನ ಹಾಸಿಗೆಗೆ ಆಗುತ್ತದೆ. ಮಡಚಿದ್ದು ಬೇರೆಯೇ ಮಾಡಿ. ಬಾಸಿಂಗ ಮಾಡುವವರ ಹತ್ತಿರ ಬೆಂಡು ಸಿಗುತ್ತದೆ. ಎರಡು ಇಂಚು, ಒಂದೂವರೆ ಇಂಚು, ಕಾಲು ಇಂಚು ದಪ್ಪದ ತುಂಡು ಕತ್ತರಿಸಿ ಅಂಚು ದುಂಡಗೆ ಉಜ್ಜಿ. ಮೇಲೆ ಒಂದೇ ಪದರ ಬಟ್ಟೆ ಸುತ್ತಿ. ಮಡಿಕೆ ಕಾಣುವ ಎದುರಿನ ಬದಿಗೆ ಮಾತ್ರ ನಾಲ್ಕು ತೆಳು ಪಟ್ಟಿ, ಒಂದರ ಮೇಲೊಂದು, ಅಂಚಿನಿಂದ ಒಳಕ್ಕೆ ಎರಡು ಮಿಲಿಮೀಟರ್ ಅಂಟಿಸಿದರೆ ಸಾಕು. ಫುಲ ಇರುವ ಒಂದು ಮೂಲೆ ಮೇಲೆ ಬರಲಿ, ನೀಲಿ ಫ್ರಾಕಿನ ತುಂಡು ಅದರ ಪಕ್ಕ ಇರಲಿ. ಅಮ್ಮಮ್ಮನ ರಟ್ಟಿನ ಆಕೃತಿಯನ್ನು ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೋ ಹಾಕಿ.